ನಡುವಿನಿಂದ ಅಳೆದ ಕೂರಿಗೆ

"ಇದಕ್ಕ ಬರದು ಕೊಟ್ಟವರು ನೀವೇನ್ರಿ?"

ನಮಸ್ಕಾರವಿಲ್ಲ, ಹೆಸರಿಲ್ಲ. ಕಬ್ಬಿಣದ ದಿಂಡೊಂದನ್ನು ಸುವರ್ಣಾಳ ಮೇಜಿನ ಮೇಲೆ ಧಡ್ ಎಂದು ಇಟ್ಟು ನಿಂತಿದ್ದ ಶ್ರೀಶೈಲ.

ಅವನದು ಸಿಂದಗಿಯಲ್ಲಿ, ಟ್ರ್ಯಾಕ್ಟರಿಗೆ ಕಟ್ಟಿ ಬೀಜ ಬಿತ್ತುವ ಕೂರಿಗೆ ಮಾಡುವ ವರ್ಕ್‌ಶಾಪ್. ಅವಳದು ಇಂಡಿ ಪಟ್ಟಣದ ಪುಟ್ಟ ಕಂಪನಿಯಲ್ಲಿ ಕೆಲಸ. ಆ ಕಂಪನಿಯ ಎಐ ಏಜೆಂಟ್, ಹೇಳಿದ್ದನ್ನು ಕೇಳಿ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುತ್ತಿತ್ತು. ಗೆರೆ ಎಳೆಯಲು ಒಂದು ಟೂಲ್, ತೂತು ಹಾಕಲು ಇನ್ನೊಂದು. ಯಾವ ಟೂಲನ್ನು ಯಾವಾಗ, ಹೇಗೆ ಬಳಸಬೇಕೆಂದು ಏಜೆಂಟಿಗೆ ತಿಳಿಯುವಂತೆ ಬರೆದಿಡುವುದೇ ಸುವರ್ಣಾಳ ಕೆಲಸ. ಈ ದಿಂಡಿನ ನಕ್ಷೆಯೂ ಆ ಏಜೆಂಟ್ ಬರೆದದ್ದೇ.

"ತೂತೆಲ್ಲಾ ಒಂದ ಕಡಿ ಸರದಾವ. ಹಿಂಗಾರಿ ಬಿತ್ತಗಿ ಬಂತು. ಇದನ್ನ ಯಾವ ರೈತಗ ಕೊಡ್ಲಿ?"

"ಏಜೆಂಟ್ ನೀವು ಹೇಳಿದ ಅಳತೀನ ಹಾಕೈತಿ ನೋಡ್ರಿ."

"ಅಳತಿ ಖರೆ. ಎಲ್ಲಿಂದ ಅಳದೈತಿ?"

"ತುದಿಯಿಂದ."

"ಕೂರಿಗಿ ದಿಂಡು ಯಾರರ ತುದಿಯಿಂದ ಅಳೀತಾರೇನ್ರಿ? ನಡುವ ಗುರುತು ಹಾಕಿ ಎಡಕ್ಕ, ಬಲಕ್ಕ ಹೋಗ್ತೇವಿ. ತುದಿ ಕಡಿಯೂದು ಎಲ್ಲಾ ಆದ ಮ್ಯಾಲೆ."

ಎಲ್ಲಿಂದ ಅಳೆಯಬೇಕೆಂದು ಅವಳು ಬರೆದೇ ಇರಲಿಲ್ಲ. ಏಜೆಂಟ್ ತಾನೇ ಊಹಿಸಿಕೊಂಡಿತ್ತು. ಇಷ್ಟು ಸಣ್ಣ ಮಾತು ನನಗೇಕೆ ಹೊಳೆಯಲಿಲ್ಲ... ಸುವರ್ಣಾಳ ಮುಖ ಬಿಸಿಯಾಯಿತು.

"ನಾ ಬರದಿದ್ದಿಲ್ಲ. ತಪ್ಪು ನಂದು."

ಜಗಳಕ್ಕೆಂದೇ ಟೊಂಕ ಕಟ್ಟಿ ಬಂದವನು ದಿಂಡನ್ನು ಮೇಜಿನ ಅಂಚಿಗೆ ಸರಿಸಿದ.

"ನಾವೂ ಹೇಳಿದ್ದಿಲ್ಲ ಬಿಡ್ರಿ," ಎಂದ ಮೆಲ್ಲಗೆ.

ಅಲ್ಲಿಂದ ಮುಂದೆ ಸುವರ್ಣಾ ಸಿಂದಗಿಯ ವರ್ಕ್‌ಶಾಪಿನಲ್ಲೇ ಕುಳಿತು ಬರೆಯತೊಡಗಿದಳು. ಅವನು ಮಾಡುವುದನ್ನು ನೋಡುವುದು, ಬರೆಯುವುದು, ಏಜೆಂಟಿಗೆ ಕೊಟ್ಟು ನಕ್ಷೆ ತೆಗೆಸುವುದು, ತಪ್ಪಿದರೆ ಮತ್ತೆ ತಿದ್ದುವುದು. ಶ್ರೀಶೈಲನ ತಾಯಿ ಸಾತವ್ವ ಮಧ್ಯಾಹ್ನ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ ತಂದು ಇಬ್ಬರ ಮುಂದೆ ಇಡುತ್ತಿದ್ದಳು.

"ಮಷಿನ್ನಿಗೆ ಇಷ್ಟು ತಿಳಿಸಿ ಹೇಳ್ತಿ, ನನ್ನ ಮಗಗೂ ಒಂದೀಟು ಹೇಳವಾ. ಇವಗ ಮಾತಾಡಾಕ ಬರೂದಿಲ್ಲ."

ಸುವರ್ಣಾಳಿಗೆ ಅವನ ಮೇಲೆ ಮನಸ್ಸಾಯಿತು. ಅದರಲ್ಲಿ ಮುಚ್ಚಿಡುವುದೇನಿದೆ? ಬೆಳಗ್ಗೆ ಸಿಂದಗಿಯ ಬಸ್ಸು ತಡವಾದರೆ ಸಿಟ್ಟು, ಸಂಜೆ ಇಂಡಿಯ ಬಸ್ಸು ಬೇಗ ಬಂದರೆ ಇನ್ನೂ ಸಿಟ್ಟು. ಅವಳು ಬರುವ ಹೊತ್ತಿಗೆ ಅವನು ಒಗೆದ ಅಂಗಿ ಹಾಕಿಕೊಳ್ಳುತ್ತಿದ್ದುದನ್ನು ಮಾತ್ರ ಅವಳು ಗಮನಿಸಿರಲಿಲ್ಲ.

ಒಂದು ಸಂಜೆ ಕಂಪನಿಯ ಮಾಲೀಕ ಅಮಿತ ಫೋನ್ ಮಾಡಿದ.

"ಸುವರ್ಣಾ, ನಾಳಿಂದ ಮುದ್ದೇಬಿಹಾಳದ ಕೆಲಸ ನೋಡ್ರಿ. ಸಿಂದಗಿಗೆ ಬ್ಯಾರೇದವರನ್ನ ಕಳಸ್ತೇನಿ. ಶ್ರೀಶೈಲ ಅವರು ಫೋನ್ ಮಾಡಿದ್ರು, ನೀವು ಬ್ಯಾಡ ಅಂತ..."

ಪೂರ್ತಿ ಕೇಳದೆ ಫೋನ್ ಇಟ್ಟಳು.

ಎದುರಿಗೆ ನಗುನಗುತ್ತಾ ಇದ್ದು ಹಿಂದಿನಿಂದ ದೂರು ಹೇಳಿದನೇ? ಕಣ್ಣು ತುಂಬಿ ಬಂತು. ಗೊತ್ತಿಲ್ಲದ್ದನ್ನು ಊಹಿಸಬೇಡ, ಕೇಳು ಎಂದು ಯಂತ್ರಕ್ಕೆ ಬರೆದುಕೊಟ್ಟ ಜಾಣೆ, ತನ್ನ ಸರದಿ ಬಂದಾಗ ಊಹಿಸಿ ಊಹಿಸಿ ಅತ್ತಳು.

ಮರುದಿನ ಮುದ್ದೇಬಿಹಾಳಕ್ಕೆ ಹೊರಟ ಬಸ್ಸು ಸಿಂದಗಿಯಲ್ಲಿ ನಿಂತಿತು. ಬೈದಾದರೂ ಹೋಗಬೇಕು... ಎಂದುಕೊಂಡು ಇಳಿದು ವರ್ಕ್‌ಶಾಪಿಗೆ ನಡೆದಳು.

ಅವಳನ್ನು ಕಂಡು ಶ್ರೀಶೈಲ ವೆಲ್ಡಿಂಗ್ ನಿಲ್ಲಿಸಿದ.

"ನನ್ನ ಕೆಲಸ ಛಲೋ ಇದ್ದಿಲ್ಲಂದ್ರ ನನಗ ಹೇಳಬೇಕಿತ್ತು. ಸರ್‌ಗೆ ಯಾಕ ಹೇಳಿದ್ರಿ?"

"ಛಲೋ ಇದ್ದಿಲ್ಲಂತ ಯಾರು ಅಂದ್ರು?"

"ಮತ್ತ ಯಾಕ ಬಿಡಿಸಿದ್ರಿ?"

ಅವನು ಕೈಗವಸು ಕಳಚಿದ. ಮತ್ತೆ ಹಾಕಿಕೊಂಡ. ಮತ್ತೆ ಕಳಚಿದ.

"ನಿಮ್ಮನ್ನ ಲಗ್ನಕ್ಕ ಕೇಳಬೇಕಂತಿದ್ದೆ. ನೀವು ಒಲ್ಲೆ ಅಂದ್ರ, ಮರದಿನಾನೂ ಇಲ್ಲೇ ಬಂದು ನನ್ನ ಮುಂದ ಕುಂದ್ರಬೇಕಾಗ್ತಿತ್ತು. ಕೆಲಸದ ಸಲುವಾಗಿ ಹೂಂ ಅನ್ನೂದೂ ಬ್ಯಾಡ, ಸಂಕಟ ಪಡೂದೂ ಬ್ಯಾಡ... ಅದಕ್ಕ ಮೊದಲ ನಿಮಗ ಬ್ಯಾರೆ ಕಡಿ ಕೆಲಸ ಕೊಡ್ರಿ ಅಂದೆ. ಯಾಕಂತ ಸರ್‌ಗೂ ಹೇಳಿಲ್ಲ."

ನಗಬೇಕೋ ಅಳಬೇಕೋ ಸುವರ್ಣಾಳಿಗೆ ತಿಳಿಯಲಿಲ್ಲ. ಸಿಟ್ಟು ಮಾತ್ರ ಇಳಿಯಲಿಲ್ಲ.

"ನನ್ನ ಕೆಲಸ ಬಿಡಸಾಕ ನೀವು ಯಾರ್ರಿ? ನನ್ನ ಒಂದ ಮಾತ ಕೇಳಬಾರದಿತ್ತೇನು?"

"ಕೇಳಬೇಕಿತ್ತು... ತಪ್ಪಾತು. ಈಗ ಸರ್‌ಗೆ ಫೋನ್ ಮಾಡ್ತೇನಿ."

"ಬ್ಯಾಡ. ನನ್ನ ಕೆಲಸ, ನಾ ಮಾತಾಡ್ತೇನಿ."

ಅಲ್ಲೇ ನಿಂತು ಅಮಿತನಿಗೆ ಫೋನ್ ಮಾಡಿದಳು. ಸಿಂದಗಿಯದನ್ನು ಮುಗಿಸಿಯೇ ಮುದ್ದೇಬಿಹಾಳಕ್ಕೆ ಹೋಗುವುದಾಗಿ ಹೇಳಿದಳು. ಅಮಿತ ಒಪ್ಪಿದ. ಶ್ರೀಶೈಲ ತಲೆ ತಗ್ಗಿಸಿಕೊಂಡು ನಿಂತೇ ಇದ್ದ.

"ಸುವರ್ಣಾ ಅವರ... ಇನ್ನ ಕೇಳ್ಲೇನ್ರಿ?"

"ಕೇಳ್ರಿ."

"ನನ್ನ ಲಗ್ನ ಆಗ್ತೀರೇನ್ರಿ?"

ಅವಳು ಹೆಗಲಿನ ಚೀಲ ಇಳಿಸಿ ತಾನು ದಿನಾ ಕೂರುವ ಜಾಗದಲ್ಲಿ ಇಟ್ಟಳು.

"ಐತವಾರ ನಿಮ್ಮವ್ವನ ಕರಕೊಂಡು ಇಂಡಿಗೆ ಬರ್ರಿ. ನಮ್ಮಪ್ಪ ಬಸಂತರಾಯ ಭಾಳ ಬಿಗಿ ಮನಷ್ಯಾ. ಹೊಲ, ಮನಿ, ದುಡಿಕಿ, ಎಲ್ಲಾ ಕೆದಕಿ ಕೇಳ್ತಾನ."

"ನಾ ಏನಂತ ಹೇಳ್ಲಿ?"

"ಇದ್ದದ್ದು ಇದ್ದಂಗ ಹೇಳ್ರಿ." ಅವಳ ದನಿ ಈಗ ತಗ್ಗಿತ್ತು. "ಕಡೀಗೆ, ನಿಮ್ಮ ಮಗಳು ಹೂಂ ಅಂದಾಳ ಅಂತ ಹೇಳ್ರಿ. ಮುಂದಿಂದು ನಾ ನೋಡ್ಕೋತೇನಿ."