ಅಳಿಸಬೇಡಿ ಎಂದಿದ್ದ ನಿಯಮ

ಸೋಮವಾರ ಬೆಳಗ್ಗೆ ಹತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿದ ಹೆಣ್ಣುಮಗಳು ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಮಾಡುವವಳು. ಅವಳು ಎಲ್ಲಿ ಕೆಲಸಕ್ಕೆ ಸೇರಿದರೂ ವಾರದೊಳಗೆ ಮಾಲೀಕರಿಗೆ ಯಾರೋ ಫೋನ್ ಮಾಡಿ, ಇವಳಿಗೆ ತಲೆ ಸರಿಯಿಲ್ಲ, ಕೈಯೂ ಶುದ್ಧವಿಲ್ಲ ಎಂದು ಚುಚ್ಚುತ್ತಿದ್ದರು. ಮೂರು ಲ್ಯಾಬುಗಳು ಕೈಬಿಟ್ಟಿದ್ದವು. ನಾಲ್ಕನೆಯದಕ್ಕೆ ಸೇರುವುದು ಮುಂದಿನ ಸೋಮವಾರ. ಅದೂ ಹೋದರೆ, ಸಾಕಪ್ಪಾ ಸಾಕು ಎಂದು ಬಿಟ್ಟುಬಂದ ಮನೆಗೇ ಮರಳಬೇಕು.

ಇನ್‌ಸ್ಪೆಕ್ಟರ್ ಮೇಡಂ ಎಫ್‌ಐಆರ್ ಬರೆಸಿ ಪ್ರಶ್ನೆ ಶುರು ಮಾಡಿದರು.

“ಮನೇಲಿ ಯಾರಿದಾರೆ?”

“ಅಣ್ಣ ಒಬ್ಬನೇ. ಯಾವ ಬಟ್ಟೆ ಹಾಕ್ಬೇಕು, ಯಾರ ಹತ್ರ ಮಾತಾಡ್ಬೇಕು, ಎಲ್ಲಾ ಅವನೇ ಹೇಳ್ತಿದ್ದ. ಈಗ ನಾನಿರೋ ಜಾಗ ಅವನಿಗೆ ಗೊತ್ತಿಲ್ಲ.”

“ಫೋನು?”

“ಹೊಸದು. ನಂಬರೂ ಹೊಸದು.”

“ಹಳೇದು ಅಂತ ಏನಮ್ಮ ಉಳಿದಿದೆ?”

ಅವಳು ಯೋಚಿಸಿ, ಚೀಲದಿಂದ ಬಸ್ ಕಾರ್ಡ್ ತೆಗೆದಿಟ್ಟಳು.

ದಫೇದಾರನಿಗೆ ಹುರುಪು ಬಂತು. ಅವಳ ಓಡಾಟದ ಲೆಕ್ಕವಿರುವ ಕಾರ್ಡ್ ಕಂಪನಿಯ ಸರ್ವರ್ ಜಪ್ತಿ ಮಾಡಲು ಗೋಣಿಚೀಲ, ಸೀಲಿಗೆ ಅರಗು, ಸಾಕ್ಷಿಗೆ ಪಂಚರನ್ನೂ ಸಿದ್ಧಮಾಡಿಕೊಂಡ. ಮೇಡಂ ತಡೆದು, ಕಂಪನಿಯ ಮ್ಯಾನೇಜರನ್ನು ಗುಟ್ಟಾಗಿ ಠಾಣೆಗೇ ಕರೆಸಿದರು.

“ನಮ್ಮ ಹತ್ರ ಸರ್ವರೇ ಇಲ್ಲ ಮೇಡಂ,” ಎಂದ ಮ್ಯಾನೇಜರ್, ಲ್ಯಾಪ್‌ಟಾಪ್ ತೆರೆಯುತ್ತಾ. “ಕ್ಲೌಡ್‌ನವರು ಬಾಡಿಗೆಗೆ ಕೊಡೋ ಸೇವೆ. ಯಂತ್ರ ಎಲ್ಲಿದೆಯೋ ನಮಗೂ ಗೊತ್ತಿಲ್ಲ.”

ದಫೇದಾರ ಗೋಣಿಚೀಲ ಮಡಚಿಟ್ಟ.

“ಮತ್ತೆ ನೀವು ಮಾಡೋದೇನು?” ಎಂದು ಮೇಡಂ ಕೇಳಿದರು.

“ನಿಯಮ ಬರೀತೀವಿ, ಅಷ್ಟೆ. ಬಸ್ಸಲ್ಲಿ ಯಾರಾದ್ರೂ ಕಾರ್ಡ್ ಮುಟ್ಟಿಸಿದ್ರೆ ಒಂದು ಸುದ್ದಿ ಹುಟ್ಟುತ್ತೆ. ಅದು ಯಾರ್ಯಾರಿಗೆ ಹೋಗ್ಬೇಕು ಅನ್ನೋದು ನಿಯಮ. ಒಂದು ಟಿಕೆಟ್ ದುಡ್ಡು ಹಿಡಿಯೋ ಕಡೆ, ಇನ್ನೊಂದು ಜನ ಎಣಿಸೋ ಕಡೆ.”

“ಬೇರೆಯವರಿಗೂ ಕಳಿಸ್ಬಹುದಾ?”

“ಧಾರಾಳವಾಗಿ. ಮಿಕ್ಕವರಿಗೆ ಗೊತ್ತೇ ಆಗಲ್ಲ.”

ನಿಯಮಗಳ ಸಾಲಿನಲ್ಲಿ ಒಂದರ ಹೆಸರು ‘ಪರೀಕ್ಷೆಗಾಗಿ, ಅಳಿಸಬೇಡಿ’. ತೆರೆದರೆ ಒಂದೇ ಒಂದು ಕಾರ್ಡಿನ ಸಂಖ್ಯೆ, ದೂರುದಾರಳದು. ಸುದ್ದಿ ಹೋಗುತ್ತಿದ್ದ ಫೋನ್ ಯಾರದೋ ಸುಳ್ಳು ಹೆಸರಿನಲ್ಲಿತ್ತು. ಮ್ಯಾನೇಜರ್ ಇಂಗು ತಿಂದ ಮಂಗನಂತಾದ.

“ವರ್ಷದಿಂದ ಎಲ್ರೂ ನೋಡ್ತಾನೇ ಇದೀವಿ ಮೇಡಂ. ಯಾರೋ ಏನಕ್ಕೋ ಇಟ್ಟಿರ್ತಾರೆ, ಅಳಿಸಿ ಏನಾದ್ರೂ ಕೆಟ್ಟುಹೋದ್ರೆ ನಮ್ಮ ತಲೆಗೆ ಬರುತ್ತೆ ಅಂತ ಸುಮ್ನಿದ್ವಿ.”

ನಿಯಮ ಬರೆಯುವ ಐವರಿಗೂ ಒಂದೇ ಪಾಸ್‌ವರ್ಡ್. ಮ್ಯಾನೇಜರ್ ಕೊಟ್ಟ ಹೆಸರುಗಳಲ್ಲಿ ಒಂದು ದೂರುದಾರಳ ಅಣ್ಣನದು. ತಂಗಿ ಮನೆ ಬಿಟ್ಟ ಮೇಲೆ, ಇದ್ದ ಒಳ್ಳೆಯ ಕೆಲಸ ಬಿಟ್ಟು ಇಲ್ಲಿಗೆ ಸೇರಿದ್ದ. ಅವಳು ಇಳಿಯುವ ನಿಲ್ದಾಣ ತಿಳಿದರೆ ಹತ್ತಿರದ ಹಲ್ಲಿನ ಲ್ಯಾಬ್ ಹುಡುಕುವುದೇನು ಮಹಾ? ಪರದೆಯ ಮೇಲಿದ್ದುದಕ್ಕೆ ಪಂಚನಾಮೆ ಆಯಿತು. ನಿಯಮವನ್ನು ಮುಟ್ಟಬಾರದೆಂದು ಮೇಡಂ ತಾಕೀತು ಮಾಡಿದರು.

“ಹಿಡ್ಕೊಂಡು ಬರ್ಲಾ?” ದಫೇದಾರ ಎದ್ದ.

“ಈಗ ಹಿಡಿದ್ರೆ ಐದು ಜನಾನೂ ಒಬ್ಬರ ಮೇಲೊಬ್ರು ಹಾಕ್ತಾರೆ. ಇರಿ, ಅವನೇ ಬರ್ತಾನೆ.”

ಮರುದಿನದಿಂದ ಮಹಿಳಾ ಪೇದೆಯೊಬ್ಬಳು ಆ ಕಾರ್ಡ್ ಹಿಡಿದು ಮಾರುಕಟ್ಟೆ ನಿಲ್ದಾಣಕ್ಕೆ ಓಡಾಡಿದಳು, ಹತ್ತುವಾಗ ಇಳಿಯುವಾಗ ತಪ್ಪದೆ ಮುಟ್ಟಿಸಿದಳು. ಎದುರಿನ ಲ್ಯಾಬಿನ ಮಾಲೀಕನಿಗೆ ಮೊದಲೇ ಹೇಳಿಕೊಟ್ಟಿತ್ತು. ಗುರುವಾರ ಅವನಿಗೆ ಫೋನ್ ಬಂತು.

“ಬರೀ ಬಾಯಿಮಾತಿಗೆ ಹೇಗಪ್ಪಾ ಕೆಲಸದಿಂದ ತೆಗೀಲಿ?” ಎಂದ ಮಾಲೀಕ. “ನಾಳೆ ಅವಳು ಬರೋಕೆ ಮುಂಚೆ ಬಂದು ಎಲ್ಲಾ ಹೇಳಿ.”

ಶುಕ್ರವಾರ ಅಣ್ಣ ಬಂದ. ಅಚ್ಚುಗಳ ಮೇಜಿನ ಪಕ್ಕ ಕೂತು ತಂಗಿಯ ಹುಚ್ಚಿನ ಕತೆ ಹೇಳುತ್ತಿರುವಾಗಲೇ ಅವನ ಫೋನ್ ಸದ್ದು ಮಾಡಿತು. ನೋಡಿದವನೇ ದಡಬಡಿಸಿ ಎದ್ದ.

“ಈಗ ಬಸ್ ಇಳಿದ್ಲು. ನನ್ನನ್ನ ನೋಡಬಾರ್ದು, ಹೊರಡ್ತೀನಿ.”

“ನಾನು ಇಲ್ಲೇ ಇದೀನಣ್ಣ.”

ಒಳಕೋಣೆಯ ಬಾಗಿಲಲ್ಲಿ ತಂಗಿ ನಿಂತಿದ್ದಳು, ಅವಳ ಹಿಂದೆ ಮೇಡಂ. ಫೋನ್ ಜಪ್ತಿ, ಬಂಧನ ಎರಡೂ ಅಲ್ಲೇ ಮುಗಿದವು.

ಠಾಣೆಯಲ್ಲಿ ಅವನು ಎಲ್ಲ ಒಪ್ಪಿಕೊಂಡ. “ಎಲ್ಲೂ ಕೆಲಸ ಸಿಗದಿದ್ರೆ ಮನೆಗೆ ಬರ್ತಾಳೆ ಅಂದ್ಕೊಂಡೆ. ಅವಳ ತಟ್ಟೆ ದಿನಾ ತೊಳೆದಿಡ್ತೀನಿ ಮೇಡಂ,” ಎಂದು ಬಿಕ್ಕಿದ. ದಫೇದಾರನಿಗೂ ಕರುಳು ಚುರ್ ಎಂದಿತು. ತಂಗಿಯ ಹೇಳಿಕೆ ಬರೆಯುವಾಗ ತಾನಾಗಿಯೇ ‘ನನ್ನ ಮೇಲಿನ ಅತಿಯಾದ ಪ್ರೀತಿಯಿಂದ’ ಎಂದು ಸೇರಿಸಿದ.

ಸಹಿಗೆ ಮುಂಚೆ ಅವಳು ಓದಿದಳು. ಅವಳ ಕಣ್ಣೂ ತುಂಬಿತ್ತು.

“ಇದನ್ನ ಹೊಡೆದು ಹಾಕಿ.”

“ಮತ್ತೇನಮ್ಮ ಬರೀಲಿ?”

“ಆ ಮನೇಲಿ ಒಬ್ಬನೇ ಇರೋಕೆ ಅವನಿಗೆ ಭಯ. ಅಷ್ಟೇ ಬರೀರಿ.”

ದಫೇದಾರ ಮೇಡಂ ಮುಖ ನೋಡಿದ. ಅವರು ತಲೆಯಾಡಿಸಿದ ಮೇಲೆ ಹಾಗೇ ಬರೆದ.