ಮೂರನೆಯ ಪಾಲು

ಹಿಮಬೆಟ್ಟಗಳ ನಡುವಿನ ಶಿಮ್ಶಾಲ ಊರಿನ ನಾವು ಬೇಟೆಗೆ ಹೊರಡುವ ಮುನ್ನ ಬಂದೂಕಿಗೆ ಜುನಿಪರ್ ಸೊಪ್ಪಿನ ಹೊಗೆ ಹಾಕುತ್ತೇವೆ. ಆ ದಿನ ಹೊಗೆ ಮೇಲೇಳದೆ ನೆಲಕ್ಕೇ ಅಂಟಿಕೊಂಡಿತು, ಅದು ಅಪಶಕುನ. ಸೋದರಮಾವ ಶಂಬಿ ಕಂಡೂ ಕಾಣದಂತೆ ಹೊರಟ. ಹಿಂದಿನ ಚಳಿಗಾಲ, ನಾವೀಗ ಹೊರಟಿದ್ದ ಕಣಿವೆಗೇ ಬೇಟೆಗೆ ಹೋದ ಅವನ ಮಗ ಯಾಹ್ಯಾ ಹಿಮದಡಿ ಸಿಕ್ಕಿ ಸತ್ತಿದ್ದ, ಹೆಣವೂ ಸಿಕ್ಕಿರಲಿಲ್ಲ.

ಮಧ್ಯಾಹ್ನ, ಹಿಮನದಿಯ ಅಂಚಿನಲ್ಲಿ ಮಾವ ದೊಡ್ಡ ಕೊಂಬಿನ ಕಾಡುಹೋತವೊಂದನ್ನು ಹೊಡೆದ. ಆಗಷ್ಟೇ ಸತ್ತ ಅದರ ಹೊಟ್ಟೆ ಸೀಳಿ ನಾನು ಕೈಯಿಟ್ಟರೆ ಒಳಗೆಲ್ಲ ಮಂಜುಗಡ್ಡೆಯಂತೆ ತಣ್ಣಗಿತ್ತು.

"ನಿನ್ ಕೈ ಮರಗಟ್ಟಿದೆ ಕಣೋ, ಪುಕ್ಕಲ," ಎಂದು ಮಾವ ಗದರಿದ.

ಮಾಂಸವನ್ನು ಎರಡು ಗುಡ್ಡೆ ಮಾಡಿದೆ. ಜಗಳ ಬರದಿರಲೆಂದು ಒಬ್ಬ ಗುಡ್ಡೆ ಮುಟ್ಟಿ ಯಾರಿಗೆಂದು ಕೇಳುತ್ತಾನೆ, ಇನ್ನೊಬ್ಬ ಬೆನ್ನು ತಿರುಗಿಸಿ ಹೆಸರು ಹೇಳುತ್ತಾನೆ. ಹೇಳಿದ ಹೆಸರಿಗೆ ಪಾಲು ಕೊಡಲೇಬೇಕು. ಮಾವ ಬೆನ್ನು ತಿರುಗಿಸಿದ.

"ಇದು ಯಾರಿಗೆ?" ಎಂದೆ.

"ನಿಂಗೆ."

"ಇದು?"

"ನಂಗೆ." ಒಂದು ಗಳಿಗೆ ಬಿಟ್ಟು, "ಅದು ಯಾಹ್ಯಾಗೆ," ಎಂದ.

"ನಾನು ಮತ್ತೆ ಕೇಳ್ಲೇ ಇಲ್ವಲ್ಲ ಮಾವ!"

"ಮೂರನೇ ಸಲಾನೂ ಕೇಳ್ದೆ. ನಿಂದೇ ದನಿ." ತಿರುಗಿದವನ ಮುಖ ಬೂದಿಯಂತಾಗಿತ್ತು.

ಇಬ್ಬರ ಗುಡ್ಡೆಯಿಂದಲೂ ತೆಗೆದು ಬಂಡೆಯ ಮೇಲೆ ಮೂರನೆಯ ಪಾಲಿಟ್ಟೆವು. ನೋಡನೋಡುತ್ತಲೇ ಅದು ಕಲ್ಲಿನಂತೆ ಹೆಪ್ಪುಗಟ್ಟಿತು. ಹಿಂತಿರುಗಿ ನೋಡದೆ ಇಳಿದೆವು.

ಸಂಜೆ ಮನೆ ಮುಟ್ಟಿದಾಗ ಅತ್ತೆ ಹೊಸ್ತಿಲಲ್ಲೇ ಕೂತಿದ್ದಳು. ಮಡಿಲಲ್ಲಿ ಯಾಹ್ಯಾ ಆ ಕೊನೆಯ ಬೇಟೆಗೆ ಒಯ್ದಿದ್ದ ಮರದ ಬಟ್ಟಲು, ಅದರ ತುಂಬ ಮಾಂಸ.

"ಇದನ್ನ ಬಾಗಿಲಲ್ಲಿಟ್ಟು ಎಲ್ಲಿಗ್ ಹೋದ್ರಿ?" ಎಂದಳು. "ಬಟ್ಟಲು ಸಿಕ್ತು, ಅವನು ಸಿಗಲಿಲ್ವಾ?"

ನಾನು ಬಟ್ಟಲಿಗೆ ಕೈಯಿಟ್ಟೆ. ಮಾಂಸ ಇನ್ನೂ ಬಿಸಿಯಾಗಿತ್ತು.