ಯಂತ್ರ ಕಂಡ ಕೆಂಪು

"ನಾನು ಸಾಕೋದು, ನೀವು ಕೊಲ್ಲೋಕೆ ಬರೋದು," ಎನ್ನುತ್ತಾ ಅವಳು ಸೀಸೆಯನ್ನು ಅವನ ಕೈಯಿಂದ ತೆಗೆದುಕೊಂಡಳು.

"ಕ್ಯಾನ್ಸರ್ ಸೆಲ್‌ಗಳನ್ನ ಮಕ್ಕಳ ಹಾಗೆ ಸಾಕೋರು ನೀವೊಬ್ರೇ ಇರ್ಬೇಕು."

"ಹೆತ್ತವರಿಗೆ ಹೆಗ್ಗಣ ಮುದ್ದು. ನಿಮಗೆ ನಿಮ್ಮ ಪುಡಿಗಳಿಲ್ವಾ, ಹಾಗೆ."

ಅವನು ಕೆಳಮಹಡಿಯ ರಸಾಯನಶಾಸ್ತ್ರಜ್ಞ. ಹೊಸ ಹೊಸ ಸಾವಯವ ಸಂಯುಕ್ತಗಳನ್ನು ತಯಾರಿಸುತ್ತಿದ್ದ. ಅವು ಕ್ಯಾನ್ಸರ್ ಜೀವಕೋಶಗಳನ್ನು ಕೊಲ್ಲುತ್ತವೆಯೇ ಎಂದು ಮೇಲ್ಮಹಡಿಯಲ್ಲಿ ಅವಳು ಪರೀಕ್ಷಿಸುತ್ತಿದ್ದಳು. ಹಳದಿ, ಕಿತ್ತಳೆ, ಕೆಂಪು, ಅವನು ಮಾಡಿದ್ದೆಲ್ಲ ಬಣ್ಣಬಣ್ಣ. ಹಾಗಾಗಿ ಮನೆಯಲ್ಲಿ ಅವಳ ಅತ್ತಿಗೆ ಅವನಿಗಿಟ್ಟ ಹೆಸರು ಬಣ್ಣದಂಗಡಿ.

"ಏನಮ್ಮಾ, ಇವತ್ತು ಬಣ್ಣದಂಗಡಿ ಬಾಗಿಲು ತೆಗೆದಿತ್ತಾ?"

"ಸುಮ್ನಿರಿ ಅತ್ತಿಗೆ," ಎನ್ನುತ್ತಿದ್ದಳು, ತಟ್ಟೆಯಿಂದ ತಲೆಯೆತ್ತದೆ.

ಈ ಸಲದ ಕೆಂಪು ಪುಡಿಯೇ ಕೊನೆಯದು. ಇದೂ ಕೈಕೊಟ್ಟರೆ ಈ ಕೆಲಸ ನಿಲ್ಲಿಸಿ ಬೇರೆ ಊರಿನ ಲ್ಯಾಬಿಗೆ ಹೋಗು ಎಂದು ಅವನ ಗೈಡ್ ಹೇಳಿಬಿಟ್ಟಿದ್ದರು.

ಪರೀಕ್ಷೆಯ ರೀತಿ ಸರಳ. ಜೀವಕೋಶ ಬದುಕಿದ್ದರೆ ಅದಕ್ಕೆ ಹಾಕಿದ ದ್ರವ ನೇರಳೆಯಾಗುತ್ತದೆ, ಸತ್ತಿದ್ದರೆ ಇಲ್ಲ. ಆ ಬಣ್ಣವನ್ನು ಯಂತ್ರ ಅಳೆಯುತ್ತದೆ. ಅಳೆದು ಹೇಳಿತು: ಬಹುಪಾಲು ಬದುಕಿವೆ.

ಅವನು ತಲೆಯಾಡಿಸಿದ. "ಹಾಗಾದ್ರೆ, ಬರ್ತೀನಿ," ಎಂದ. ಅವನು ಮೆಟ್ಟಿಲಿಳಿದು ಹೋದರೂ ಮಾತು ಅವಳ ಕಿವಿಯಿಂದ ಇಳಿಯಲಿಲ್ಲ.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ. ಇಲ್ಲಿ ಕಂಡದ್ದು ಯಂತ್ರ, ತನ್ನ ಕಣ್ಣೂ ಅಲ್ಲ. ಅದೇ ಪುಡಿ ಹಾಕಿದ್ದ ಜೀವಕೋಶಗಳ ಇನ್ನೊಂದು ಪ್ಲೇಟನ್ನು ಅವಳು ಮೈಕ್ರೋಸ್ಕೋಪಿನ ಕೆಳಗಿಟ್ಟಳು. ತಳಕ್ಕಂಟಿ ಹರಡಿಕೊಂಡಿರಬೇಕಾದ ಜೀವಕೋಶಗಳು ದುಂಡಗೆ ಮುದುಡಿ ತೇಲುತ್ತಿದ್ದವು. ಸತ್ತಿದ್ದವು. ಯಂತ್ರ ಅಳೆದದ್ದು ಜೀವದ ನೇರಳೆಯನ್ನಲ್ಲ, ಪುಡಿಯ ಕೆಂಪನ್ನು.

ಅವಳು ಕೆಳಗಿಳಿದು ಬಂದಾಗ ಅವನು ಗಾಜಿನ ಸಾಮಾನನ್ನು ಪೆಟ್ಟಿಗೆಗೆ ತುಂಬುತ್ತಿದ್ದ.

"ನಿಮ್ಮ ಕೆಂಪು ನಮ್ಮ ಯಂತ್ರಕ್ಕೇ ಟೋಪಿ ಹಾಕಿದೆ," ಎಂದು ಕಂಡದ್ದನ್ನೆಲ್ಲ ಹೇಳಿದಳು. "ಪುಡಿ ತೊಳೆದು ತೆಗೆದು ಮತ್ತೆ ಅಳೀಬೇಕು. ಆರೋಗ್ಯವಾಗಿರೋ ಸೆಲ್‌ಗಳನ್ನ ಉಳಿಸುತ್ತಾ ಅಂತಾನೂ ನೋಡ್ಬೇಕು. ಒಂದು ವಾರ ಇರ್ತೀರಾ?"

"ಪುಡಿಗೋಸ್ಕರ ಕೇಳ್ತಿದೀರಾ?"

ಅವಳ ಕಿವಿಯ ಅಂಚು ನಿಧಾನವಾಗಿ ರಂಗೇರಿತು. ಅವನು ಅದನ್ನು ಬಹಳ ಹೊತ್ತು ನೋಡಿದ. ಬಣ್ಣ ಬಲ್ಲವನು.

ವಾರ ಕಳೆಯಿತು. ಕ್ಯಾನ್ಸರ್ ಜೀವಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತಿದ್ದವು, ಆರೋಗ್ಯವಂತ ಜೀವಕೋಶಗಳು ಹೆಚ್ಚಿನವು ಉಳಿದಿದ್ದವು.

"ಔಷಧಿ ಆಗೋಕೆ ಇನ್ನೂ ಬಹಳ ದೂರ," ಎಂದಳು, ನಗು ತಡೆದುಕೊಂಡು. "ಆದ್ರೆ ಕೆಲಸ ನಿಲ್ಲಲ್ಲ. ಆ ಊರಿನವರಿಗೆ ಬರಲ್ಲ ಅಂತ ಇವತ್ತೇ ಹೇಳಿಬಿಡಿ."

"ಹೇಳಿ ಆಯ್ತು. ನೀವು ಕೆಳಗೆ ಬಂದ್ರಲ್ಲ, ಅವತ್ತೇ."

"ಅವತ್ತು ರಿಸಲ್ಟೇ ಬಂದಿರ್ಲಿಲ್ಲ."

"ನನಗೆ ಬೇಕಾಗಿದ್ದು ಬಂದಿತ್ತು."

"ಪುಡಿ ಕೈಕೊಟ್ಟಿದ್ರೆ?"

"ಇದೇ ಊರಲ್ಲಿ ಬೇರೆ ಕೆಲಸ ಹುಡುಕ್ತಿದ್ದೆ. ಪುಡಿ ಎಲ್ಲಿ ಬೇಕಾದ್ರೂ ಮಾಡ್ಬಹುದು. ನೀವು ಇರೋದು ಇಲ್ಲಿ."

ಅವಳು ಕೈಗವಸನ್ನು ಬೆರಳು ಬೆರಳಾಗಿ ಬಿಚ್ಚಿ ಬುಟ್ಟಿಗೆ ಹಾಕಿದಳು. ನಲ್ಲಿಯ ಕೆಳಗೆ ಕೈ ತೊಳೆದಳು. ಒರೆಸಿಕೊಂಡಳು. ಅವನು ಕಾದ.

ಆಮೇಲೆ ಆ ತಣ್ಣನೆಯ ಬರಿಗೈಯನ್ನು ಅವನ ಕೈಯೊಳಗಿಟ್ಟಳು.

"ಇಲ್ಲೇ ಇರಿ," ಎಂದಳು.